ಟೊಳ್ಳು ಹಿಡಿಕೆಗೆ ನೈಟ್ರೋಜನ್: ಗ್ಯಾಸ್ ಅಸಿಸ್ಟ್ ಮೋಲ್ಡಿಂಗ್ ಸೆಟ್ ಮಾಡುವ ಬಗೆ

ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಫ್ರಿಜ್ ಹಿಡಿಕೆಯೊಂದನ್ನು ಹ್ಯಾಕ್ಸಾ ಹಿಡಿದು ಅಡ್ಡಕ್ಕೆ ಕೊಯ್ಯಿರಿ. ಗ್ಯಾಸ್ ಅಸಿಸ್ಟ್ ವಿಧಾನದಲ್ಲಿ ಮಾಡಿದ್ದಾದರೆ ನಡುವೆ ಪೆನ್ನು ತೂರುವಷ್ಟು ಅಗಲದ ಟೊಳ್ಳು ಸಿಗುತ್ತದೆ. ಒಳಗೋಡೆಯ ಮೇಲೆ ಬೆರಳಾಡಿಸಿದರೆ ಹೊಳೆಯ ಉರುಟು ಕಲ್ಲಿನ ನುಣುಪು. ಡ್ರಿಲ್ಲಿನ ಗೆರೆಯಿಲ್ಲ, ಟೊಳ್ಳಿಗಾಗಿ ಮೋಲ್ಡಿನಲ್ಲಿ (ಅಚ್ಚಿನಲ್ಲಿ) ಇಡುವ ಕೋರ್ ಪಿನ್ನಿನ ಗುರುತಿಲ್ಲ. ಪ್ಲಾಸ್ಟಿಕ್ಕು ಇನ್ನೂ ಬೆಲ್ಲದ ಪಾಕದಂತಿದ್ದಾಗಲೇ 100 ಬಾರ್ ಮೀರಿದ ಒತ್ತಡದ ನೈಟ್ರೋಜನ್ ನಡುಮಧ್ಯೆ ನುಗ್ಗಿ, ಅದನ್ನು ಮೋಲ್ಡಿನ ಗೋಡೆಗೆ ಒತ್ತಿ ಹಿಡಿದು, ತಣಿದ ಮೇಲೆ ಬಂದ ದಾರಿಯಲ್ಲೇ ಹೊರಗೆ ಹೋಗಿದೆ.

ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಸೆಟ್ ಮಾಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಮೋಲ್ಡಿಂಗ್ ಶೆಡ್‌ಗಳಲ್ಲಿ ಗ್ಯಾಸನ್ನು ಕರೆಂಟು, ನೀರಿನ ಸಾಲಿಗೆ ಸೇರಿಸಿ ಮರೆತುಬಿಡುವುದು ವಾಡಿಕೆ. ಅದು ತಪ್ಪು. ಒಂದು ಶಾಟ್‌ಗೆ, ಅಂದರೆ ಮೋಲ್ಡಿಗೆ ಒಂದು ಸಲ ಪ್ಲಾಸ್ಟಿಕ್ ಹೊಡೆಯುವುದಕ್ಕೆ, ಇಷ್ಟು ಗ್ರಾಂ ಎಬಿಎಸ್ ಎಂದು ಬರೆದಿಡುವವರು, ಅದೇ ಶಾಟ್‌ಗೆ ಇಷ್ಟು ಲೀಟರ್ ನೈಟ್ರೋಜನ್ ಎಂದೂ ಬರೆದಿಡಬೇಕು. ಪ್ಲಾಸ್ಟಿಕ್ಕಿನಷ್ಟೇ ಅದೂ ಕಚ್ಚಾವಸ್ತು. ಅದಕ್ಕೂ ಶುದ್ಧತೆ ಇದೆ, ಒತ್ತಡ ಇದೆ, ಅಳತೆ ಇದೆ. ಈ ಮೂರರಲ್ಲಿ ಯಾವುದು ತಪ್ಪಿದರೂ ಪೀಸ್ ರಿಜೆಕ್ಟ್ ಆಗುತ್ತದೆ.

ಲೆಕ್ಕ ಮಾಡಲು ಒಂದು ಪೀಸ್ ಹಿಡಿದುಕೊಳ್ಳೋಣ: ಉದ್ದ 40 ಸೆಂ.ಮೀ, ದಪ್ಪ 18 ಮಿ.ಮೀ, ಎರಡೂ ತುದಿಯಲ್ಲಿ ಸ್ಕ್ರೂ ಕೂರುವ ಪ್ಯಾಡ್ ಇರುವ ಹಿಡಿಕೆ. ಒಟ್ಟು ಗಾತ್ರ 120 ಘನ ಸೆಂ.ಮೀ. ಎಬಿಎಸ್ ಸಾಂದ್ರತೆ 1.05 ಇರುವುದರಿಂದ ಪೂರ್ತಿ ಗಟ್ಟಿಯಾಗಿ ಹೊಡೆದರೆ 126 ಗ್ರಾಂ. 18 ಮಿ.ಮೀ ದಪ್ಪದ ಗಟ್ಟಿ ಎಬಿಎಸ್ ತಣಿಯಲು ನಿಮಿಷಗಟ್ಟಲೆ ಬೇಕು, ತಣಿಯುತ್ತಾ ಒಳಕ್ಕೆ ಎಳೆದುಕೊಂಡು ಮೇಲ್ಮೈ ಗುಳಿ ಬೀಳುತ್ತದೆ. ಮೋಲ್ಡ್ ತುಂಬಿದ ಮೇಲೂ ಮೆಷಿನ್ ಹಿಂದಿನಿಂದ ಒತ್ತಿ ಹಿಡಿಯುವ ಹೋಲ್ಡಿಂಗ್ ಪ್ರೆಶರ್ ಎಷ್ಟು ಕೊಟ್ಟರೂ, ಪ್ಲಾಸ್ಟಿಕ್ ಒಳಬರುವ ಬಾಯಾದ ಗೇಟಿನಿಂದ ದೂರದ ತುದಿಗೆ ಅದು ತಲುಪದು. ಗ್ಯಾಸ್ ಹಾಗಲ್ಲ. ಟೊಳ್ಳಿನ ಈ ತುದಿಯಲ್ಲಿ ಇರುವ ಒತ್ತಡವೇ ಆ ತುದಿಯಲ್ಲೂ ಇರುತ್ತದೆ. ಗುಳಿ ಬೀಳದಿರುವುದಕ್ಕೆ ಕಾರಣ ಇದೇ. ಪ್ಲಾಸ್ಟಿಕ್ ಉಳಿತಾಯ ಅದರ ಜೊತೆಗೆ ಸಿಗುವ ಲಾಭ.

ನೈಟ್ರೋಜನ್ನೇ ಯಾಕೆ

ಶೆಡ್‌ನಲ್ಲಿ ಕಂಪ್ರೆಸರ್ ಗಾಳಿ ಇದೆಯಲ್ಲ, ಅದನ್ನೇ ಒತ್ತಡ ಏರಿಸುವ ಬೂಸ್ಟರ್‌ಗೆ ಕೊಟ್ಟರಾಗದೇ ಎಂಬ ಪ್ರಶ್ನೆ ಬರುವುದು ಸಹಜ. ಆಗದು. ಗಾಳಿಯಲ್ಲಿ ಆಮ್ಲಜನಕ ಶೇ. 21. ಅದನ್ನು 120 ಬಾರ್‌ಗೆ ಒತ್ತಿದರೆ ಆಮ್ಲಜನಕದ ಪಾಲಿನ ಒತ್ತಡವೇ 25 ಬಾರ್ ಆಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ಬರೀ 0.2 ಬಾರ್. 230 ಡಿಗ್ರಿ ಬಿಸಿಯ ಎಬಿಎಸ್, ಅದರಿಂದ ಏಳುವ ಆವಿ, ಬೂಸ್ಟರ್ ಲೈನಿನ ಎಣ್ಣೆಯ ಪಸೆ, ಇವೆಲ್ಲ ಸೇರಿದ ಜಾಗಕ್ಕೆ 25 ಬಾರ್ ಆಮ್ಲಜನಕ ಬಿಟ್ಟರೆ ಒಳಗೋಡೆ ಸುಟ್ಟು ಕಂದುಗಟ್ಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳಲೂಬಹುದು. ಇನ್ನು ಆಮ್ಲಜನಕದ ಸಿಲಿಂಡರನ್ನೇ ತಪ್ಪಿ ಜೋಡಿಸಿದರೆ ಅದು ಸ್ಫೋಟಕ್ಕೆ ಕರೆ ಕೊಟ್ಟಂತೆ. ನಮ್ಮ ದೇಶದ ಬಣ್ಣದ ಗುರುತಿನ ಪ್ರಕಾರ ನೈಟ್ರೋಜನ್ ಸಿಲಿಂಡರಿನ ಮೈ ಬೂದು, ಕತ್ತು ಕಪ್ಪು. ಆಮ್ಲಜನಕದ್ದು ಮೈ ಕಪ್ಪು. ಬಣ್ಣ ನೋಡಿ, ಲೇಬಲ್ ಓದಿ, ಆಮೇಲೆ ಜೋಡಿಸಿ. ವಾಲ್ವ್ ಥ್ರೆಡ್ ಕೂರದಿದ್ದರೆ ಅಡಾಪ್ಟರ್ ಹುಡುಕಬೇಡಿ. ಕೂರಬಾರದು ಎಂದೇ ಬೇರೆ ಬೇರೆ ಗ್ಯಾಸಿಗೆ ಬೇರೆ ಬೇರೆ ಥ್ರೆಡ್ ಇಟ್ಟಿರುತ್ತಾರೆ.

ಕಾರ್ಬನ್ ಡೈಆಕ್ಸೈಡ್ ಕೂಡ ಈ ಕೆಲಸಕ್ಕೆ ಒಗ್ಗದು. ಕೋಣೆಯ ಉಷ್ಣತೆಯಲ್ಲಿ 60 ಬಾರ್ ಆಸುಪಾಸಿನಲ್ಲೇ ಅದು ದ್ರವವಾಗುತ್ತದೆ. ಜೊತೆಗೆ ಕರಗಿದ ಪ್ಲಾಸ್ಟಿಕ್ಕಿನೊಳಗೆ ನೈಟ್ರೋಜನ್‌ಗಿಂತ ಬಹಳ ಹೆಚ್ಚು ಸೇರಿಕೊಳ್ಳುತ್ತದೆ. ಒತ್ತಡ ಬಿಟ್ಟ ಕೂಡಲೇ ಒಳಗೋಡೆ ನೊರೆಯೇಳುತ್ತದೆ.

ಶುದ್ಧತೆ ಎಷ್ಟಿರಬೇಕು? ಶೇ. 98 ಸಾಕು ಎನ್ನುವವರಿದ್ದಾರೆ, ಬಹಳ ಕಡೆ ಅದು ನಡೆಯುತ್ತದೆ ಕೂಡ. ಆದರೆ ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಶೇ. 2 ಆಮ್ಲಜನಕ ಉಳಿದಿದ್ದರೆ 120 ಬಾರ್‌ನಲ್ಲಿ ಅದರ ಪಾಲು 2.4 ಬಾರ್, ಅಂದರೆ ಮಾಮೂಲಿ ಗಾಳಿಯಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ಶೇ. 99.5 ಆದರೆ 0.6 ಬಾರ್. ಶೇ. 99.9 ಆದರೆ 0.12 ಬಾರ್. ತಿಳಿಬಣ್ಣದ ಎಬಿಎಸ್ ಆಗಲಿ, ನೈಲಾನ್ ಆಗಲಿ, ಶೇ. 99.5ಕ್ಕಿಂತ ಕೆಳಗೆ ಇಳಿಯದಿರುವುದೇ ಒಳ್ಳೆಯದು. ಕಪ್ಪು ಪಿಪಿಯಲ್ಲಿ (ಪಾಲಿಪ್ರೊಪಿಲೀನ್) ಶೇ. 98 ಇಟ್ಟರೂ ಹೊರಗಿನವರಿಗೆ ತಿಳಿಯದು, ಆದರೆ ಮೋಲ್ಡಿನೊಳಗೆ ಗ್ಯಾಸ್ ಬಿಡುವ ಪಿನ್ನಿನ ಸುತ್ತ ಕರಿ ಕಟ್ಟುವುದು ಬೇಗ ಶುರುವಾಗುತ್ತದೆ.

ಗ್ಯಾಸಿನ ಲೆಕ್ಕ

ನಮ್ಮ ಹಿಡಿಕೆಗೆ 82 ಗ್ರಾಂ ಎಬಿಎಸ್ ಹಾಕುತ್ತೇವೆ ಅಂದುಕೊಳ್ಳಿ. 126 ಗ್ರಾಂಗೆ ಹೋಲಿಸಿದರೆ ಶೇ. 65. ಉಳಿದ 42 ಘನ ಸೆಂ.ಮೀ ಟೊಳ್ಳು. 18 ಮಿ.ಮೀ ದಪ್ಪದೊಳಗೆ ಸುಮಾರು 12 ಮಿ.ಮೀ ಟೊಳ್ಳು, ಸುತ್ತ 3 ಮಿ.ಮೀ ಗೋಡೆ ಎಂದಾಯಿತು. ಈ ಟೊಳ್ಳನ್ನು 120 ಬಾರ್‌ಗೆ ತುಂಬಲು ಬೇಕಾದ ಗ್ಯಾಸ್ 42 ಗುಣಿಸು 120, ಅಂದರೆ ಮಾಮೂಲಿ ಗಾಳಿಯ ಒತ್ತಡದಲ್ಲಿ ಅಳೆದರೆ 5 ಲೀಟರ್. ಗ್ಯಾಸ್ ಒಳಗೆ ಬಿಸಿಯಾಗಿ ಹಿಗ್ಗುವುದರಿಂದ ನಿಜಕ್ಕೂ ಇನ್ನೂ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಆದರೆ ಅಂದಾಜಿಗೆ 5 ಲೀಟರ್ ಇರಲಿ.

ಇಷ್ಟೇ ಎಂದು ನಿಂತುಬಿಟ್ಟರೆ ತಿಂಗಳ ಕೊನೆಗೆ ಸಿಲಿಂಡರ್ ಬಿಲ್ ನೋಡಿ ಗಾಬರಿಯಾಗುತ್ತದೆ. ಪ್ರತಿ ಶಾಟ್‌ನಲ್ಲೂ ಕಂಟ್ರೋಲ್ ವಾಲ್ವ್‌ನಿಂದ ಮೋಲ್ಡ್‌ವರೆಗಿನ ಪೈಪ್ ಕೂಡ 120 ಬಾರ್‌ಗೆ ತುಂಬಿ, ವೆಂಟ್ ಆದಾಗ, ಅಂದರೆ ಗ್ಯಾಸನ್ನು ಹೊರಬಿಟ್ಟಾಗ, ಅಷ್ಟೂ ಗಾಳಿಪಾಲಾಗುತ್ತದೆ. 4 ಮಿ.ಮೀ ಒಳವ್ಯಾಸದ ಪೈಪ್ 5 ಮೀಟರ್ ಇದ್ದರೆ ಅದರೊಳಗಿನ ಜಾಗ 63 ಘನ ಸೆಂ.ಮೀ. ಹಿಡಿಕೆಯ ಟೊಳ್ಳಿಗಿಂತ ಪೈಪಿನ ಹೊಟ್ಟೆಯೇ ದೊಡ್ಡದು! ಶಾಟ್‌ಗೆ 7.5 ಲೀಟರ್ ಬರೀ ಪೈಪಿಗೆ ಹೋಗುತ್ತದೆ. ಅದೇ 5 ಮೀಟರನ್ನು 2 ಮಿ.ಮೀ ಒಳವ್ಯಾಸದಲ್ಲಿ ಎಳೆದರೆ 16 ಘನ ಸೆಂ.ಮೀ, 1.9 ಲೀಟರ್. ಒಟ್ಟು ಬಳಕೆ 12.5 ಲೀಟರಿಂದ 6.9 ಲೀಟರಿಗೆ ಇಳಿಯುತ್ತದೆ. ವಾಲ್ವ್ ಬ್ಲಾಕನ್ನು ಮೋಲ್ಡ್ ಕೂರುವ ಮೆಷಿನ್ ಪ್ಲಾಟನ್ ಪಕ್ಕಕ್ಕೇ ತಂದು ಪೈಪನ್ನು ಒಂದೂವರೆ ಮೀಟರಿಗೆ ಇಳಿಸಿದರೆ ಇನ್ನೂ ಉಳಿಯುತ್ತದೆ. ಇಡೀ ಸೆಟಪ್‌ನಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಉಳಿಸುವ ಬೇರೆ ಬದಲಾವಣೆ ಇಲ್ಲ.

80 ಸೆಕೆಂಡ್ ಸೈಕಲ್, ದಿನಕ್ಕೆ 20 ಗಂಟೆ ಓಟ ಎಂದರೆ 900 ಶಾಟ್. ದಪ್ಪ ಪೈಪಿನಲ್ಲಿ ದಿನಕ್ಕೆ 11.3 ಘನ ಮೀಟರ್, ಸಣ್ಣ ಪೈಪಿನಲ್ಲಿ 6.2 ಘನ ಮೀಟರ್.

ಗ್ಯಾಸ್ ಎಲ್ಲಿಂದ

ಪೇಟೆಯಲ್ಲಿ ಸಿಗುವ ಮಾಮೂಲಿ ಸಿಲಿಂಡರಿನ ನೀರಿನ ಗಾತ್ರ 47 ಲೀಟರ್, ತುಂಬಿದಾಗ 150 ಬಾರ್. ಅದಕ್ಕೇ 7 ಘನ ಮೀಟರ್ ಸಿಲಿಂಡರ್ ಎನ್ನುವುದು. ಬೂಸ್ಟರ್ ಇಲ್ಲದೆ ನೇರವಾಗಿ 120 ಬಾರ್ ತೆಗೆಯಲು ಹೊರಟರೆ, ಸಿಲಿಂಡರ್ 150ರಿಂದ 120ಕ್ಕೆ ಇಳಿಯುವವರೆಗೆ ಮಾತ್ರ ಉಪಯೋಗ. ಅಂದರೆ 47 ಗುಣಿಸು 30, ಬರೀ 1.4 ಘನ ಮೀಟರ್. ಐದರಲ್ಲಿ ನಾಲ್ಕು ಪಾಲು ಗ್ಯಾಸ್ ಹಾಗೇ ವಾಪಸು ಹೋಗುತ್ತದೆ, ದುಡ್ಡು ಮಾತ್ರ ಪೂರ್ತಿ ಕೊಟ್ಟಿರುತ್ತೇವೆ. ಬೂಸ್ಟರ್ ಇದ್ದರೆ 25 ಬಾರ್‌ವರೆಗೂ ಹೀರಬಹುದು: 47 ಗುಣಿಸು 125, 5.9 ಘನ ಮೀಟರ್. ಸಣ್ಣ ಪೈಪಿನ ಲೆಕ್ಕದಲ್ಲಿ ದಿನಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಿಲಿಂಡರ್, ದಪ್ಪ ಪೈಪಿನಲ್ಲಿ ಹತ್ತಿರ ಹತ್ತಿರ ಎರಡು.

ಒಂದೇ ಮೆಷಿನ್, ಆಗಾಗ ಬರುವ ಆರ್ಡರ್ ಎಂದಾದರೆ ಸಿಲಿಂಡರೇ ಸರಿ. ಎರಡು ಸಿಲಿಂಡರ್ ಮ್ಯಾನಿಫೋಲ್ಡ್‌ಗೆ (ಎರಡೂ ಕೂಡುವ ಪೈಪಿಗೆ) ಕಟ್ಟಿ, ಒಂದು ಖಾಲಿಯಾದರೆ ಇನ್ನೊಂದಕ್ಕೆ ಹೊರಳುವಂತೆ ಇಡಿ. ವೆಲ್ಡಿಂಗ್‌ನವರು ಬಳಸುವ ರೆಗ್ಯುಲೇಟರ್ ಇಲ್ಲಿಗೆ ಬೇಡ. ಅದರ ಔಟ್‌ಲೆಟ್ ಹತ್ತು ಹದಿನೈದು ಬಾರ್ ಮೇಲೆ ಏರುವುದಿಲ್ಲ.

ಎರಡು ಮೂರು ಮೆಷಿನ್ ದಿನವೂ ಓಡುವಲ್ಲಿ ಗಾಳಿಯಿಂದಲೇ ನೈಟ್ರೋಜನ್ ಬೇರ್ಪಡಿಸುವ ಪಿಎಸ್‌ಎ ಘಟಕ ಹಾಕುವುದು ಲಾಭ. ಕಂಪ್ರೆಸರ್ ಗಾಳಿಯನ್ನು 7–8 ಬಾರ್‌ನಲ್ಲಿ ಕಾರ್ಬನ್ ಮಾಲಿಕ್ಯುಲರ್ ಸೀವ್ ತುಂಬಿದ ಎರಡು ಟವರ್‌ಗಳಿಗೆ ಸರದಿಯಂತೆ ಬಿಡುತ್ತಾರೆ. ಆಮ್ಲಜನಕ ಸೀವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ನೈಟ್ರೋಜನ್ ಮುಂದೆ ಹೋಗುತ್ತದೆ. ಆ ಸೀವ್‌ಗೆ ಎಣ್ಣೆ ತಗುಲಿದರೆ ಮುಗಿಯಿತು, ತೊಳೆದು ಸರಿಮಾಡಲಾಗದು. ಡ್ರೈಯರ್, ಎಣ್ಣೆ ಫಿಲ್ಟರ್, ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಮೂರೂ ಅದರ ಮುಂದೆ ಇರಲೇಬೇಕು.

ಪೀಣ್ಯ, ಬೊಮ್ಮಸಂದ್ರದವರು ಒಂದು ಮಾತು ಗಮನದಲ್ಲಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ. ಸಮುದ್ರಮಟ್ಟದ ಅಂಕಿ ಬರೆದ ಕಂಪ್ರೆಸರ್ ಇಲ್ಲಿ ಒಂದು ಸುತ್ತಿಗೆ ಹೀರುವ ಗಾಳಿಯ ತೂಕವೂ ಅಷ್ಟೇ ಕಡಿಮೆ. ಕ್ಯಾಟಲಾಗ್ ನೋಡಿ ಅಂಚಿಗೆ ಅಂಚು ಅಳತೆ ಹಿಡಿದು ಕೊಂಡ ಪಿಎಸ್‌ಎ ಪೂರ್ತಿ ಲೋಡಿನಲ್ಲಿ ಶುದ್ಧತೆ ಕಳೆದುಕೊಳ್ಳಲು ಇದೂ ಒಂದು ಕಾರಣ. ಸೀವ್ ಹಾಳಾಗಿದೆ ಎಂದು ಬೈಯುವ ಮೊದಲು ಈ ಲೆಕ್ಕ ಹಾಕಿ ನೋಡಿ.

ಲೈನು, ಪಿನ್ನು, ಮೋಲ್ಡು

ಬೂಸ್ಟರ್‌ನಿಂದ ಮುಂದಿನ ಪ್ರತಿಯೊಂದು ಹೋಸ್, ಫಿಟಿಂಗ್, ವಾಲ್ವ್ ಮೇಲೂ ವರ್ಕಿಂಗ್ ಪ್ರೆಶರ್ ಅಚ್ಚಾಗಿರಬೇಕು, ಅದು ಬೂಸ್ಟರಿನ ಗರಿಷ್ಠ ಒತ್ತಡಕ್ಕಿಂತ ಮೇಲಿರಬೇಕು. ಬೂಸ್ಟರ್ 300 ಬಾರ್ ಕೊಡುವುದಾದರೆ ನಾವು 120 ಮಾತ್ರ ಬಳಸುತ್ತೇವೆ ಎಂಬ ನೆಪ ನಡೆಯದು. ಹಳೆಯ ಹೈಡ್ರಾಲಿಕ್ ಹೋಸ್ ತೊಳೆದು ಹಾಕುವ ಅಭ್ಯಾಸವಿದ್ದರೆ ಬಿಡಿ. ಒಳಗಿನ ಎಣ್ಣೆ ಪೂರ್ತಿ ಹೋಗುವುದಿಲ್ಲ.

ಜೋಡಣೆ ಮುಗಿದ ಮೇಲೆ ಮೋಲ್ಡ್ ಕಡೆಯ ವಾಲ್ವ್ ಮುಚ್ಚಿ, ಲೈನನ್ನು 120 ಬಾರ್‌ಗೆ ಏರಿಸಿ, ಬೂಸ್ಟರ್ ಕಡೆಯೂ ಮುಚ್ಚಿ ಹತ್ತು ನಿಮಿಷ ಗೇಜ್ ನೋಡಿ. ಮುಳ್ಳು ಅಲುಗಾಡಬಾರದು. ಇಳಿದರೆ ಸೋಪ್ ನೀರು ಹಚ್ಚಿ ಗುಳ್ಳೆ ಹುಡುಕಿ. ಒತ್ತಡ ಇರುವಾಗ ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಪೂರ್ತಿ ಬಿಟ್ಟು, ಬಿಗಿದು, ಮತ್ತೆ ಏರಿಸಿ.

ಗ್ಯಾಸ್ ಪಿನ್ ಈ ಕೆಲಸದ ಅತಿ ಸೂಕ್ಷ್ಮ ಭಾಗ. ಒಳಗಿನ ಪಿನ್ನಿಗೂ ಹೊರಗಿನ ಬುಶ್‌ಗೂ ನಡುವೆ ಉಂಗುರದಂಥ ಸಂದು, ಅದರಿಂದ ಗ್ಯಾಸ್ ಹೊರಡುತ್ತದೆ. ಎಬಿಎಸ್‌ಗೆ ಈ ಸಂದು 0.02ರಿಂದ 0.03 ಮಿ.ಮೀ ಇರಲಿ. ತಲೆಗೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ. ಹೆಚ್ಚಾದರೆ ಪ್ಲಾಸ್ಟಿಕ್ ಒಳನುಸುಳಿ ಗಟ್ಟಿಯಾಗುತ್ತದೆ, ಕಡಿಮೆಯಾದರೆ ಗ್ಯಾಸ್ ತಡವಾಗಿ ಬರುತ್ತದೆ. ನೈಲಾನ್ ನೀರಿನಂತೆ ಹರಿಯುವುದರಿಂದ ಅದಕ್ಕೆ ಇನ್ನೂ ಬಿಗಿ ಬೇಕು.

ಪಿನ್ ಎಲ್ಲಿಡಬೇಕು? ಗೇಟ್ ಇರುವ ತುದಿಯಲ್ಲಿ, ದಪ್ಪನೆಯ ಜಾಗದಲ್ಲಿ, ಪೀಸ್ ಜೋಡಿಸಿದ ಮೇಲೆ ಕಾಣದ ಮೈಯಲ್ಲಿ. ಗ್ಯಾಸ್ ಯಾವಾಗಲೂ ಬಿಸಿಯಾದ, ದಪ್ಪನೆಯ, ಒತ್ತಡ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಕೊನೆಗೆ ತುಂಬುವ ಜಾಗವೇ ಅದಕ್ಕೆ ಗುರಿ. ಹಾಗಾಗಿ ಪ್ಲಾಸ್ಟಿಕ್ ಹರಿಯುವ ದಿಕ್ಕೂ ಗ್ಯಾಸ್ ಹರಿಯಬೇಕಾದ ದಿಕ್ಕೂ ಒಂದೇ ಇರುವಂತೆ ಗೇಟ್ ಇಡಬೇಕು. ಚಪ್ಪಟೆ ಪೀಸಿನಲ್ಲಿ ರಿಬ್ಬನ್ನೇ ಗ್ಯಾಸ್ ದಾರಿ ಮಾಡುವಾಗ ಅದರ ಅಗಲ ಗೋಡೆಯ ದಪ್ಪದ ಎರಡೂವರೆ ಮೂರು ಪಟ್ಟು ಇರಲಿ, ಮೂಲೆಗಳು ಗುಂಡಾಗಿರಲಿ. ದಾರಿಯನ್ನು ಉಂಗುರದಂತೆ ಸುತ್ತಿ ಮುಚ್ಚಬೇಡಿ. ಎರಡು ಕಡೆಯಿಂದ ಬಂದ ಗ್ಯಾಸಿನ ನಡುವೆ ಪ್ಲಾಸ್ಟಿಕ್ಕಿನ ಗಟ್ಟಿ ಬಿರಡೆ ಉಳಿದು, ಅಲ್ಲೇ ಗುಳಿ ಬೀಳುತ್ತದೆ.

ಇನ್ನೊಂದು, ಬಹಳ ಜನ ಬಿಡುವ ಸಂಗತಿ: ಪ್ಲಾಸ್ಟಿಕ್ ಹೊಡೆದ ಮೇಲೆ ಬಾಯಿ ಮುಚ್ಚಿಕೊಳ್ಳುವ ಶಟ್‌ಆಫ್ ನಾಝಲ್. ಮೋಲ್ಡಿನೊಳಗೆ ಗ್ಯಾಸ್ ಬಿಟ್ಟಾಗ ಗೇಟ್ ಇನ್ನೂ ಮೆತ್ತಗೇ ಇರುತ್ತದೆ. ಹಿಂದೆ ತಡೆ ಇಲ್ಲದಿದ್ದರೆ ಗ್ಯಾಸ್ ರನ್ನರ್ (ಗೇಟಿಗೆ ಬರುವ ಕಾಲುವೆ) ಹಿಡಿದು, ಪ್ಲಾಸ್ಟಿಕ್ ಕರಗುವ ಬ್ಯಾರಲ್‌ಗೇ ನುಗ್ಗುತ್ತದೆ. ಆಮೇಲೆ ಬ್ಯಾರಲ್ ಹೊತ್ತ ಕ್ಯಾರೇಜ್ ಹಿಂದಕ್ಕೆ ಸರಿದಾಗ 230 ಡಿಗ್ರಿಯ ಎಬಿಎಸ್ ನಾಝಲ್‌ನಿಂದ ಚಿಮ್ಮುತ್ತದೆ. ನಾಝಲ್ ಮುಂದಿನ ಪರ್ಜ್ ಗಾರ್ಡ್ ಮುಚ್ಚದೆ ಈ ಮೆಷಿನ್ ಮುಂದೆ ಯಾರೂ ನಿಲ್ಲಬಾರದು.

ಮೊದಲ ಶಾಟ್‌ಗಳು

ಎಬಿಎಸ್ ಅನ್ನು 80–85 ಡಿಗ್ರಿಯಲ್ಲಿ ಮೂರು ಗಂಟೆ ಒಣಗಿಸಿ. ಮೆಲ್ಟ್ 235 ಡಿಗ್ರಿ, ಮೋಲ್ಡ್ 60 ಡಿಗ್ರಿ. ಗ್ಯಾಸ್ ಪ್ಯಾನೆಲ್ ಆಫ್ ಇರಲಿ, ಹೋಲ್ಡಿಂಗ್ ಪ್ರೆಶರ್ ಸೊನ್ನೆ ಇರಲಿ.

ಈಗ ಗ್ಯಾಸ್ ಇಲ್ಲದೆಯೇ ಶಾರ್ಟ್ ಶಾಟ್ (ಮೋಲ್ಡ್ ಪೂರ್ತಿ ತುಂಬದ ಶಾಟ್) ಹೊಡೆಯಿರಿ. 60 ಗ್ರಾಂನಿಂದ ಶುರುಮಾಡಿ ಐದೈದು ಗ್ರಾಂ ಏರಿಸುತ್ತಾ 85ರವರೆಗೆ ಹೋಗಿ, ಪೀಸ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಪ್ಲಾಸ್ಟಿಕ್ ಯಾವ ದಾರಿಯಲ್ಲಿ ಮುಂದೆ ಹೋಗುತ್ತದೆ, ಕೊನೆಗೆ ಎಲ್ಲಿ ತುಂಬುತ್ತದೆ ಎಂಬುದು ಆ ಸಾಲಿನಲ್ಲಿ ಕಾಣುತ್ತದೆ. 82 ಗ್ರಾಂನ ಪೀಸ್ ಕಣ್ಣಿಗೆ ಶೇ. 70 ದಾಟಿ ತುಂಬಿದಂತೆ ಕಾಣುವುದು, ತೂಕದಲ್ಲಿ ಮಾತ್ರ ಶೇ. 65. ಬಿಸಿಯಲ್ಲಿ ಎಬಿಎಸ್ ಹಿಗ್ಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ, ಆದ್ದರಿಂದ ಕಣ್ಣಳತೆ ನಂಬದೆ ತಕ್ಕಡಿ ನಂಬಿ.

82 ಗ್ರಾಂಗೆ ನಿಲ್ಲಿಸಿ ಸತತ ಹತ್ತು ಶಾಟ್ ತೂಗಿ. ಎಲ್ಲವೂ 81.6ರಿಂದ 82.4ರ ಒಳಗೆ ಬರಬೇಕು. ಬರದಿದ್ದರೆ ಬ್ಯಾರಲ್ಲಿನೊಳಗಿಂದ ಪ್ಲಾಸ್ಟಿಕ್ ತಳ್ಳುವ ಸ್ಕ್ರೂ ಮುಂದಿನ ಚೆಕ್ ರಿಂಗ್ (ಪ್ಲಾಸ್ಟಿಕ್ ಹಿಂದಕ್ಕೆ ಹರಿಯದಂತೆ ತಡೆಯುವ ಉಂಗುರ) ಸವೆದಿದೆಯೇ ನೋಡಿ. ಅದನ್ನು ಸರಿಮಾಡದೆ ಗ್ಯಾಸ್ ಆನ್ ಮಾಡುವುದರಲ್ಲಿ ಅರ್ಥವಿಲ್ಲ. ಮಾಮೂಲಿ ಮೋಲ್ಡಿಂಗ್‌ನಲ್ಲಿ ಹೋಲ್ಡಿಂಗ್ ಪ್ರೆಶರ್ ಮುಚ್ಚಿಹಾಕುವ ಏರುಪೇರನ್ನು ಇಲ್ಲಿ ಮುಚ್ಚುವವರು ಯಾರೂ ಇಲ್ಲ. ಒಂದು ಗ್ರಾಂ ವ್ಯತ್ಯಾಸ ನೇರವಾಗಿ ಟೊಳ್ಳಿನ ಉದ್ದದಲ್ಲಿ ಕಾಣುತ್ತದೆ.

ಇನ್ನು ಗ್ಯಾಸ್. ಸ್ಕ್ರೂ ತನ್ನ ಸ್ವಿಚ್‌ಓವರ್ ಜಾಗ (ಪ್ಲಾಸ್ಟಿಕ್ ತಳ್ಳುವುದು ನಿಲ್ಲುವ ಜಾಗ) ಮುಟ್ಟಿದ ಸಿಗ್ನಲ್ಲನ್ನು ಪ್ಯಾನೆಲ್‌ಗೆ ಕೊಡಿ. ಟೈಮರ್ ಅಲ್ಲ, ಸ್ಕ್ರೂ ಸ್ಥಾನವೇ ಆಧಾರವಾಗಿರಲಿ. ಅಲ್ಲಿಂದ 0.8 ಸೆಕೆಂಡ್ ತಡ. ಮೊದಲ ಹಂತ 90 ಬಾರ್, 2 ಸೆಕೆಂಡ್: ಇದು ಪ್ಲಾಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಮೋಲ್ಡ್ ತುಂಬಿಸುವ ಹೊತ್ತು. ಎರಡನೇ ಹಂತ 120 ಬಾರ್, 25 ಸೆಕೆಂಡ್: ಕುಗ್ಗುವುದನ್ನು ತುಂಬಿಕೊಡುವ ಹೊತ್ತು. ಮೂರನೆಯದು 50 ಬಾರ್, 5 ಸೆಕೆಂಡ್. ಆಮೇಲೆ 6 ಸೆಕೆಂಡ್‌ನಲ್ಲಿ ನಿಧಾನವಾಗಿ ಸೊನ್ನೆಗೆ. ಇವು ಶುರುಮಾಡಲು ಇಟ್ಟುಕೊಳ್ಳುವ ಅಂಕಿಗಳು; ನಿಮ್ಮ ಮೋಲ್ಡ್ ಮುಂದಿನದನ್ನು ಹೇಳುತ್ತದೆ.

ಒತ್ತಡ ಪೂರ್ತಿ ಇಳಿಯದೆ ಮೋಲ್ಡ್ ತೆರೆಯಬಾರದು. ಇದನ್ನು ಆಪರೇಟರಿನ ನೆನಪಿಗೆ ಬಿಡದೆ ಇಂಟರ್‌ಲಾಕ್ ಹಾಕಿ: ಲೈನಿನ ಪ್ರೆಶರ್ ಸೆನ್ಸರ್ 2 ಬಾರ್ ಕೆಳಗೆ ತೋರಿಸುವವರೆಗೆ ಮೋಲ್ಡ್ ಓಪನ್ ಸಿಗ್ನಲ್ ಹೋಗಬಾರದು. ಪಿನ್ ಕಟ್ಟಿಕೊಂಡರೆ ಲೈನ್ ಖಾಲಿ ಇದ್ದರೂ ಪೀಸಿನೊಳಗೆ ಒತ್ತಡ ಉಳಿದಿರಬಹುದು. ವೆಂಟ್ ಆಗುವಾಗಿನ ಸಿಳ್ಳಿನಂಥ ಸದ್ದು ಒಂದು ಶಾಟ್‌ನಲ್ಲಿ ಮೊಟಕಾಯಿತು ಅಥವಾ ಕೇಳಲೇ ಇಲ್ಲ ಎಂದರೆ ಬಾಗಿಲು ತೆರೆಯದೆ ಮೆಷಿನ್ ನಿಲ್ಲಿಸಿ, ಎರಡು ಮೂರು ನಿಮಿಷ ಹಾಗೇ ತಣಿಯಲು ಬಿಡಿ. ಒತ್ತಡ ಉಳಿದ ಬಿಸಿ ಪೀಸ್ ಮೋಲ್ಡ್ ತೆರೆದಾಗ ಬಲೂನಿನಂತೆ ಉಬ್ಬುತ್ತದೆ, ಒಡೆಯಲೂಬಹುದು. ಎಜೆಕ್ಟರ್ ಹೊಡೆಯುವ ಹೊತ್ತಿಗೆ ಎದುರಿಗೆ ಮುಖ ಇರಬಾರದು.

ಕೊಯ್ದು ನೋಡಿದರೆ ಕಾಣುವುದು

ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಒಂದು ಪೀಸನ್ನು ನಾಲ್ಕು ಕಡೆ ಕೊಯ್ಯಿರಿ: ಪಿನ್ ಪಕ್ಕ, ನಡು, ಬಾಗು ಇರುವ ಜಾಗ, ದೂರದ ತುದಿ. ವರ್ನಿಯರ್‌ನಲ್ಲಿ ಗೋಡೆ ಅಳೆದು ಬರೆಯಿರಿ. ಬಾಗಿನಲ್ಲಿ ಒಳಮೈ ಗೋಡೆ ತೆಳ್ಳಗೆ, ಹೊರಮೈ ದಪ್ಪ ಬರುವುದು ಸಹಜ. ಗ್ಯಾಸ್ ಹತ್ತಿರದ ದಾರಿ ಹಿಡಿಯುತ್ತದೆ. 3 ಮಿ.ಮೀ ಗೋಡೆ ಅಲ್ಲಿ 2ಕ್ಕಿಂತ ಕೆಳಗಿಳಿದರೆ ಸೆಟ್ಟಿಂಗ್‌ನಿಂದ ಸರಿಹೋಗದು, ಬಾಗಿನ ರೇಡಿಯಸ್ ದೊಡ್ಡದು ಮಾಡಲು ಟೂಲ್ ರೂಂಗೇ ಕಳಿಸಬೇಕು.

ದೂರದ ತುದಿಯಲ್ಲಿ ತೂತು ಬಿದ್ದು ಗ್ಯಾಸ್ ಹೊರನುಗ್ಗಿದ್ದರೆ ಪ್ಲಾಸ್ಟಿಕ್ ಕಡಿಮೆಯಾಗಿದೆ, ಇಲ್ಲವೇ ಗ್ಯಾಸ್ ಬೇಗ ಬಂದಿದೆ. ಎರಡು ಗ್ರಾಂ ಏರಿಸಿ ನೋಡಿ, ಆಮೇಲೆ ತಡವನ್ನು 0.2 ಸೆಕೆಂಡ್ ಹೆಚ್ಚಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಎಂದಿಗೂ ತಿಳಿಯದು. ತುದಿಯವರೆಗೆ ಟೊಳ್ಳು ಹೋಗದೆ ಅಲ್ಲಿ ಗುಳಿ ಬಿದ್ದಿದ್ದರೆ ತದ್ವಿರುದ್ಧ: ಪ್ಲಾಸ್ಟಿಕ್ ಹೆಚ್ಚಾಗಿದೆ, ಇಲ್ಲವೇ ಒತ್ತಡ ಸಾಲದು.

ಮೇಲ್ಮೈಯಲ್ಲಿ ಅಡ್ಡಕ್ಕೆ ಮಂಕಾದ ಗೆರೆಯೊಂದು ಪ್ರತಿ ಪೀಸಿನಲ್ಲೂ ಅದೇ ಜಾಗದಲ್ಲಿ ಬರುತ್ತಿದೆಯೇ? ಪ್ಲಾಸ್ಟಿಕ್ಕು ಅಲ್ಲಿಗೆ ಬಂದು ಗ್ಯಾಸಿಗಾಗಿ ಕಾದು ನಿಂತ ಗುರುತು ಅದು. ತಡ ಕಡಿಮೆ ಮಾಡಿ, ಮೋಲ್ಡ್ ಬಿಸಿ 5 ಡಿಗ್ರಿ ಏರಿಸಿ. ಇಷ್ಟಾದರೂ ಗೆರೆ ಹೋಗದಿದ್ದರೆ, ಮತ್ತು ಅದು ಕಾಣುವ ಮೈಯಲ್ಲೇ ಇದ್ದರೆ, ಈ ಶಾರ್ಟ್ ಶಾಟ್ ವಿಧಾನ ಬಿಟ್ಟು, ಮೋಲ್ಡನ್ನು ಪೂರ್ತಿ ತುಂಬಿಸಿ ಹೆಚ್ಚಾದ ಪ್ಲಾಸ್ಟಿಕ್ಕನ್ನು ಗ್ಯಾಸಿನಿಂದ ಪಕ್ಕದ ಓವರ್‌ಫ್ಲೋ ಗುಂಡಿಗೆ ತಳ್ಳುವ ವಿಧಾನಕ್ಕೆ ಹೋಗಬೇಕು. ಗುಂಡಿಗೆ ವಾಲ್ವ್ ಬೇಕು, ಅದನ್ನು ಕತ್ತರಿಸುವ ಕೂಲಿ ಬೇಕು; ಆದರೆ ಹೊಳಪಿನ ಪೀಸಿಗೆ ಅದೇ ಸರಿಯಾದ ದಾರಿ.

ಚಪ್ಪಟೆ ಪೀಸಿನಲ್ಲಿ ರಿಬ್ಬಿನ ದಾರಿ ಬಿಟ್ಟು ತೆಳು ಗೋಡೆಯೊಳಗೆ ಬೆರಳು ಚಾಚಿದಂತೆ ಗ್ಯಾಸ್ ಹರಡುವುದೂ ಸಾಮಾನ್ಯ. ಬೆಳಕಿಗೆ ಹಿಡಿದರೆ ಮರದ ಬೇರಿನಂತೆ ಕಾಣುತ್ತದೆ. ಒತ್ತಡ ಹೆಚ್ಚು ಅಥವಾ ಗೋಡೆ ಇನ್ನೂ ಬಿಸಿ. ಎರಡನೇ ಹಂತದ ಒತ್ತಡವನ್ನು ಹತ್ತು ಹತ್ತು ಬಾರ್ ಇಳಿಸಿ ನೋಡಿ. ಒಳಗೋಡೆ ನುಣುಪಾಗಿರದೆ ಬೂದುಗುಂಬಳದ ತಿರುಳಿನಂತೆ ನೊರೆ ನೊರೆಯಾಗಿದ್ದರೆ ವೆಂಟ್ ಬೇಗವಾಗಿದೆ: ಗೋಡೆಯೊಳಗೆ ಸೇರಿಕೊಂಡ ನೈಟ್ರೋಜನ್ ಒಮ್ಮೆಗೇ ಹೊರಬಂದಿದೆ. 6 ಸೆಕೆಂಡ್ ವೆಂಟನ್ನು 9 ಮಾಡಿ.

ಪಿನ್ ಕಟ್ಟಿಕೊಳ್ಳುವುದು ಒಂದಲ್ಲ ಒಂದು ದಿನ ಆಗೇ ಆಗುತ್ತದೆ, ಯಾಕೆಂದರೆ ಗ್ಯಾಸ್ ಹೊರಗೆ ಬರುವುದೂ ಅದೇ ಸಂದಿನಿಂದ. ಎಬಿಎಸ್‌ನ ಆವಿ ತಣಿದು ಅಂಟಾಗಿ ಕೂರುತ್ತದೆ. ಮೋಲ್ಡ್ ತೆರೆದಿರುವಾಗ 10 ಬಾರ್‌ನ ಸಣ್ಣ ಊದು ಪ್ರತಿ ಸೈಕಲ್‌ನಲ್ಲೂ ಕೊಟ್ಟರೆ ಪಿನ್ ಬಹಳ ದಿನ ಬಾಳುತ್ತದೆ. ಕಟ್ಟಿಕೊಂಡ ಪಿನ್ ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿದರೆ ಎಬಿಎಸ್ ಕರಗಿ ಬರುತ್ತದೆ; ಬೆಂಕಿ, ಹೀಟರ್ ಹತ್ತಿರ ಇಲ್ಲದ ಜಾಗದಲ್ಲಿ ಮಾಡಿ. ಪಿಪಿ ಅಸಿಟೋನ್‌ಗೆ ಜಗ್ಗುವುದಿಲ್ಲ, ಬಿಸಿ ಮಾಡಿ ಹಿತ್ತಾಳೆ ಬ್ರಷ್‌ನಲ್ಲಿ ತೆಗೆಯಬೇಕು. ಸೂಜಿ, ಉಕ್ಕಿನ ಬ್ರಷ್ ತಾಗಿಸಿದರೆ 0.02 ಮಿ.ಮೀ ಸಂದು ಮತ್ತೆ ಹಾಗೇ ಉಳಿಯದು. ಎರಡು ಪಿನ್ ಸ್ಪೇರ್ ಇಟ್ಟುಕೊಂಡೇ ಪ್ರೊಡಕ್ಷನ್ ಶುರುಮಾಡಿ.

ಅದೇ ಗ್ಯಾಸಿನ ಬೇರೆ ಕೆಲಸಗಳು

ಲೈನ್ ಹೇಗೂ ಬಂದಿದೆ ಎಂದಾದರೆ ನೈಲಾನ್, ಪಾಲಿಕಾರ್ಬೊನೇಟ್ ಓಡುವ ಮೆಷಿನ್ನಿನ ಪ್ಲಾಸ್ಟಿಕ್ ಕಾಳು ಸುರಿಯುವ ಹಾಪರ್ ಕತ್ತಿಗೆ, ಹರಿವು ಅಳೆಯುವ ರೋಟಾಮೀಟರ್ ಮೂಲಕ ನಿಮಿಷಕ್ಕೆ 5–10 ಲೀಟರ್ ಬಿಡಿ. ಗ್ರಾನ್ಯೂಲ್ ನಡುವಿನ ಗಾಳಿ ಹೊರಟು, ಹಳದಿ ತಿರುಗುವುದು, ಕರಿ ಚುಕ್ಕಿ ಬರುವುದು ಕಡಿಮೆಯಾಗುತ್ತದೆ. ಆದರೆ ಲೆಕ್ಕ ಮರೆಯಬೇಡಿ: ನಿಮಿಷಕ್ಕೆ 10 ಲೀಟರ್ ಎಂದರೆ 20 ಗಂಟೆಗೆ 12 ಘನ ಮೀಟರ್, ನಮ್ಮ ಹಿಡಿಕೆ ಮೆಷಿನ್ನಿನ ಬಳಕೆಯ ಎರಡರಷ್ಟು. ಪಿಎಸ್‌ಎ ಇದ್ದರೆ ಮಾಡಿ, ಸಿಲಿಂಡರಿನಿಂದ ಬೇಡ.

ಬ್ಯಾರಲ್ಲಿನೊಳಗೇ ನೈಟ್ರೋಜನ್ನನ್ನು ಕರಗಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಪೀಸ್ ಮಾಡುವ ಮೈಕ್ರೋಸೆಲ್ಯುಲರ್ ವಿಧಾನ ಬೇರೆಯೇ ಲೋಕ. ಅದಕ್ಕೆ ಸ್ಕ್ರೂ, ಬ್ಯಾರಲ್ ಎರಡೂ ಬೇರೆ ಬೇಕು. ಟಿಪಿಯುನಂಥ ರಬ್ಬರ್ ಗುಣದ ಸ್ಕ್ರ್ಯಾಪನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಪೆಡಸು ಮಾಡಿ ಪುಡಿಮಾಡುವುದೂ ಉಂಟು. ಹಾಗೇ ಗ್ರೈಂಡರ್‌ಗೆ ಹಾಕಿದರೆ ಅದು ಮುದ್ದೆಯಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ.

ಉಸಿರಿನ ಲೆಕ್ಕ

ನೈಟ್ರೋಜನ್ ವಿಷವಲ್ಲ. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ. ಜನ ಮೈಮರೆಯುವುದೂ ಅದಕ್ಕೇ. ಉಸಿರುಕಟ್ಟಿದ ಅನುಭವ ನಮಗೆ ಬರುವುದು ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ನೈಟ್ರೋಜನ್ ತುಂಬಿದ ಕೋಣೆಯಲ್ಲಿ ಅದು ಏರುವುದಿಲ್ಲ, ಏಕೆಂದರೆ ಉಸಿರು ಸರಾಗವಾಗಿ ಆಡುತ್ತಲೇ ಇರುತ್ತದೆ. ಆಮ್ಲಜನಕ ಶೇ. 10ರ ಕೆಳಗಿಳಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಶುದ್ಧ ನೈಟ್ರೋಜನ್ ಆದರೆ ಒಂದೆರಡು ಉಸಿರು ಸಾಕು.

6 ಮೀಟರ್ ಉದ್ದ, 5 ಮೀಟರ್ ಅಗಲ, 3.5 ಮೀಟರ್ ಎತ್ತರದ ಬೂಸ್ಟರ್ ಕೋಣೆ ಎಂದರೆ 105 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ ರಾತ್ರಿ ಒಂದು ಸಿಲಿಂಡರಿನ 7 ಘನ ಮೀಟರ್ ಪೂರ್ತಿ ಸೋರಿದರೆ ಆಮ್ಲಜನಕ ಶೇ. 20.9ರಿಂದ 19.5ಕ್ಕೆ ಇಳಿಯುತ್ತದೆ. ಅದೇ ಎಚ್ಚರಿಕೆಯ ಗೆರೆ. ಮ್ಯಾನಿಫೋಲ್ಡ್‌ನ ಎರಡೂ ಸೋರಿದರೆ 18ರ ಹತ್ತಿರ. 200 ಲೀಟರ್ ದ್ರವ ನೈಟ್ರೋಜನ್ ಟ್ಯಾಂಕ್ ಇಟ್ಟಿದ್ದರೆ ಅದು ಆವಿಯಾದಾಗ 140 ಘನ ಮೀಟರ್ ಹತ್ತಿರ ಆಗುತ್ತದೆ, ಅಂದರೆ ಇಡೀ ಕೋಣೆಗಿಂತ ದೊಡ್ಡದು. ದ್ರವದ ಟ್ಯಾಂಕ್ ಶೆಡ್‌ನ ಹೊರಗೇ ಇರಬೇಕು. ತಣ್ಣಗಿನ ಆವಿ ಗಾಳಿಗಿಂತ ಭಾರ, ಹೊಂಡ, ಕೇಬಲ್ ಟ್ರೆಂಚ್‌ಗಳಿಗೆ ಇಳಿದು ಕೂರುತ್ತದೆ.

ಕೋಣೆಯಲ್ಲಿ ಮೂಗಿನ ಎತ್ತರಕ್ಕೆ ಆಮ್ಲಜನಕದ ಮೀಟರ್ ಹಾಕಿ, ಅಲಾರಂ 19.5ಕ್ಕೆ ಇಡಿ, ಅದರ ಪರದೆ ಬಾಗಿಲ ಹೊರಗೆ ಕಾಣುವಂತಿರಲಿ. ಮೋಲ್ಡಿನ ವೆಂಟ್ ಪೈಪನ್ನು ಶೆಡ್ ಹೊರಗೆ ಬಿಡಿ. ಸಿಲಿಂಡರನ್ನು ಸರಪಳಿ ಹಾಕಿ ನಿಲ್ಲಿಸಿ. ಕತ್ತಿನ ಬಳಿ ಪಂಚ್ ಮಾಡಿರುವ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ತಾರೀಖು ಐದು ವರ್ಷ ದಾಟಿದ್ದರೆ ಇಳಿಸಿಕೊಳ್ಳದೆ ವಾಪಸು ಕಳಿಸಿ. ನೈಟ್ರೋಜನ್ ಬಿಟ್ಟ ಹಾಪರ್ ಅಥವಾ ಸೈಲೋದೊಳಗೆ ಕಟ್ಟಿಕೊಂಡ ಗ್ರಾನ್ಯೂಲ್ ಬಿಡಿಸಲು ತಲೆ ತೂರಿಸುವುದು ಎಂದಿಗೂ ಬೇಡ. ಲೈನ್ ಮುಚ್ಚಿ, ಬೀಗ ಹಾಕಿ, ಗಾಳಿ ಊದಿ, ಮೀಟರ್ ಇಳಿಬಿಟ್ಟು ನೋಡಿದ ಮೇಲಷ್ಟೇ ಕೈ ಹಾಕಿ. ಒಳಗೆ ಯಾರಾದರೂ ಬಿದ್ದಿರುವುದು ಕಂಡರೆ ಹಿಂದೆಯೇ ಓಡಬೇಡಿ. ಕಾಪಾಡಲು ಹೋದವರೂ ಅಲ್ಲೇ ಬೀಳುತ್ತಾರೆ. ಮೊದಲು ಹೊರಗಿನ ಮುಖ್ಯ ವಾಲ್ವ್ ಮುಚ್ಚಿ, ಬಾಗಿಲುಗಳನ್ನು ಪೂರ್ತಿ ತೆರೆದು, ಜನರನ್ನು ಕೂಗಿ ಕರೆಯಿರಿ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಗಾಳಿ ಸಿಲಿಂಡರಿನ ಉಸಿರಾಟದ ಸೆಟ್ ತೊಟ್ಟವರು ಮಾತ್ರ ಒಳಗೆ ಹೋಗಲಿ.

ಶಿಫ್ಟ್ ಬದಲಾಗುವಾಗ ಬರೆಯಬೇಕಾದ ಹಾಳೆಯಲ್ಲಿ ಆರು ಅಂಕಿ ಇರಲಿ: ಶಾಟ್ ತೂಕ, ಗ್ಯಾಸ್ ತಡ, ಎರಡನೇ ಹಂತದ ಒತ್ತಡ, ನೈಟ್ರೋಜನ್ ಶುದ್ಧತೆ, ಸಿಲಿಂಡರಿನಲ್ಲಿ ಉಳಿದ ಒತ್ತಡ, ಕೋಣೆಯ ಆಮ್ಲಜನಕ. ಶಾಟ್ ಸಂಖ್ಯೆಗೂ ಇಳಿದ ಸಿಲಿಂಡರ್ ಒತ್ತಡಕ್ಕೂ ತಾಳೆ ಹಾಕಿ. ಶಾಟ್‌ಗೆ 7 ಲೀಟರ್ ಇದ್ದದ್ದು 9 ಆಗಿದ್ದರೆ ಎಲ್ಲೋ ಸೋರುತ್ತಿದೆ. ಮುಂದಿನ ಶಿಫ್ಟ್‌ನವರು ಮೆಷಿನ್ ಆನ್ ಮಾಡುವ ಮೊದಲು ಸೋಪ್ ನೀರು ಹಿಡಿದು ಲೈನ್ ಉದ್ದಕ್ಕೂ ನಡೆಯಲಿ.